ನಿಮ್ಮ ನರಿ ಯಾವ ದೇಶದ್ದು?

ಆತ್ಮೀಯರೇ,

ನಿಮ್ಮ ಕಿಶೋರ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದದ ಪತ್ರ.

ಮನುಷ್ಯಳಾಗಲು ಹಂಬಲಿಸುವ ಒಂಬತ್ತು ಬಾಲದ ನರಿ ಯೂನಾ, ಗೊರ್ಯೊ ರಾಜವಂಶದ ಕಾಲದ ಕೊರಿಯಾದ ಹಳ್ಳಿಯಲ್ಲಿ ಒಂದು ಮನೆಯ ಮಗಳಾಗಿ ಬೆಳೆಯುತ್ತಾಳೆ. ರಾತ್ರಿ ಕೊಟ್ಟಿಗೆಯಲ್ಲಿ ಹಸು ಸತ್ತುಬಿದ್ದಿದೆ. ತಂಗಿಯ ಕೈಗೆ ಮೆತ್ತಿದ ರಕ್ತವನ್ನು ಕಂಡ ಅಣ್ಣ ಏನೂ ಕೇಳದೆ ನೀರು ತಂದು ಕೊಡುತ್ತಾನೆ. ಈ ಪುಟವನ್ನು ನಮ್ಮ ಬಳಗದವರಿಗೆಲ್ಲ ಓದಿ ಹೇಳಿದೆ. ಕೊರಿಯಾದ ‘ನರಿ ತಂಗಿ’ ಜನಪದ ಕಥೆಯಲ್ಲಿ, ಕಂಡದ್ದನ್ನು ಕಂಡಂತೆ ಹೇಳಿದ ಮಗನನ್ನು ತಂದೆ ಮನೆಯಿಂದ ಹೊರಗಟ್ಟುತ್ತಾನೆ. ನಿಮ್ಮ ಅಣ್ಣ ಬಾಯಿ ಬಿಡುವುದಿಲ್ಲ. ಹಳೆಯ ಕಥೆಗೆ ನೀವು ಕೊಟ್ಟಿರುವ ಈ ತಿರುವು ನಿಮ್ಮದೇ, ಮತ್ತು ಬಹಳ ಒಳ್ಳೆಯದು.

ಐದನೆಯ ಅಧ್ಯಾಯದಿಂದ ಕಥೆ ದಾರಿ ತಪ್ಪುತ್ತದೆ. ಯೂನಾ ಅಲ್ಲಿ ಇನಾರಿಯ ದೂತೆಯಾಗುತ್ತಾಳೆ, ಎಂಟರಲ್ಲಿ ಅರಸನನ್ನು ಮರುಳು ಮಾಡಿ ರಾಜ್ಯ ಉರುಳಿಸುತ್ತಾಳೆ. ಇನಾರಿ ಜಪಾನಿನ ಭತ್ತದ ದೇವತೆ, ಬಿಳಿ ನರಿ ಆ ದೇವತೆಯ ದೂತ. ರಾಜ್ಯ ಕೆಡಿಸುವ ನರಿರಾಣಿ ಚೀನಾದ ಶಾಂಗ್ ವಂಶದ ಕಥೆಗಳಿಂದ ಬಂದವಳು. ನಿಮ್ಮ ಹಳ್ಳಿಯವರು ಹೆದರುವುದಾದರೆ ಹೆದರಬೇಕಾದದ್ದು ಯಕೃತ್ತು ತಿನ್ನುವ ಗುಮಿಹೊಗೆ, ಅಂದರೆ ಕೊರಿಯಾದ ಒಂಬತ್ತು ಬಾಲದ ನರಿಗೆ. ಈ ನರಿಗಳು ಪರಸ್ಪರ ನೆಂಟರೆಂಬುದು ನಿಜ. ಜಪಾನಿನಲ್ಲಂತೂ ತಮಾಮೊ-ನೊ-ಮಾಯೆ ಎಂಬ ಸುಂದರಿಯ ವೇಷ ತೊಟ್ಟ ನರಿಯ ಕಥೆಯಿದೆ. ಆ ನರಿ ಹಿಂದೊಮ್ಮೆ ಭಾರತದ ಒಬ್ಬ ರಾಜನ ರಾಣಿಯಾಗಿತ್ತಂತೆ. ಆ ರಾಜ ಬೇರೆ ಯಾರೂ ಅಲ್ಲ, ಬೌದ್ಧ ಕಥೆಗಳ ಮೂಲಕ ರೂಪ ಬದಲಿಸಿ ಜಪಾನಿಗೆ ತಲುಪಿದ ನಮ್ಮ ಪುರಾಣದ ಕಲ್ಮಾಷಪಾದ! ಆದರೆ ಒಂದೆಡೆ ಕೈ ಮುಗಿಸಿಕೊಳ್ಳುವ ನರಿಯೂ ಇನ್ನೊಂದೆಡೆ ಬಾಗಿಲು ಹಾಕಿಸುವ ನರಿಯೂ ಒಂದೇ ಹುಡುಗಿಯಲ್ಲಿ ಸೇರಿದರೆ, ಅವಳ ವಿಷಯದಲ್ಲಿ ಏನು ಭಯಪಡಬೇಕೆಂದು ಓದುವ ಮಗುವಿಗೆ ತಿಳಿಯುವುದಿಲ್ಲ. ಕೊರಿಯಾದ ನರಿಯನ್ನಷ್ಟೇ ಇಟ್ಟುಕೊಳ್ಳಿ.

ನನಗೆ ನಿಜಕ್ಕೂ ಬೇಸರ ತಂದದ್ದು ಕೊನೆಯ ಅಧ್ಯಾಯ. ಹುಣ್ಣಿಮೆಯ ರಾತ್ರಿ ಒಂದು ಮಂತ್ರ, ಯೂನಾ ಮನುಷ್ಯಳು. ಇಷ್ಟೇ? 13ನೆಯ ಶತಮಾನದ ಕೊರಿಯನ್ ಗ್ರಂಥ ‘ಸಾಮ್‌ಗುಕ್ ಯುಸಾ’ದಲ್ಲಿ ಮನುಷ್ಯರಾಗಬೇಕೆಂದು ಬೇಡಿದ ಕರಡಿಗೂ ಹುಲಿಗೂ ಒಂದಿಷ್ಟು ಕಹಿ ಸೊಪ್ಪು ಮತ್ತು 20 ಬೆಳ್ಳುಳ್ಳಿ ಕೊಟ್ಟು, 100 ದಿನ ಬಿಸಿಲು ಕಾಣಬಾರದೆಂದು ಹೇಳಲಾಗುತ್ತದೆ. ಹುಲಿ ತಾಳಲಾರದೆ ಸೋಲುತ್ತದೆ. ಛಲ ಬಿಡದ ಕರಡಿ 21ನೆಯ ದಿನಕ್ಕೇ ಹೆಣ್ಣಾಗುತ್ತದೆ. ಕೊರಿಯಾದ ಮೊದಲ ಅರಸ ದಾನ್‌ಗುನ್ ಅವಳ ಮಗ. ಆ ನಾಡಿನ ಮೂಲಕಥೆಯಲ್ಲೇ ಮನುಷ್ಯರಾಗುವುದೆಂದರೆ ಹಸಿವನ್ನೂ ಕತ್ತಲೆಯನ್ನೂ ಸಹಿಸುವುದು. ಯೂನಾಳ ಹಸಿವನ್ನು ಮೊದಲ ಅಧ್ಯಾಯದಲ್ಲಿ ಅಷ್ಟು ಚೆನ್ನಾಗಿ ಬರೆದವರು ಕೊನೆಯಲ್ಲಿ ಅದನ್ನೇ ಮರೆತದ್ದು ಹೇಗೆ? ಚಳಿಗಾಲದ ರಾತ್ರಿ, ಒಲೆಯ ಬಿಸಿ ಹರಿದು ಬೆಚ್ಚಗಾದ ಒಂದೇ ನೆಲದ ಮೇಲೆ ಮನೆಮಂದಿಯೆಲ್ಲ ಮಲಗಿದ್ದಾರೆ. ಅವಳ ಹೊಟ್ಟೆ ಉರಿಯುತ್ತಿದೆ. ಅಣ್ಣ ನಿದ್ದೆ ಬಂದವನಂತೆ ಬಿದ್ದುಕೊಂಡು ಅವಳನ್ನೇ ನೋಡುತ್ತಿದ್ದಾನೆ. ನಿಮ್ಮ ಕೊನೆಯ ಅಧ್ಯಾಯ ಅಲ್ಲಿದೆ.

ಕೆಂಪು ಕಿಮ್ಚಿಯನ್ನು, ಅಂದರೆ ಮೆಣಸಿನಕಾಯಿ ಹಾಕಿದ ಕೊರಿಯಾದ ತರಕಾರಿ ಉಪ್ಪಿನಕಾಯಿಯನ್ನು, ತೆಗೆಯಿರಿ. ಗೊರ್ಯೊ ಆಳ್ವಿಕೆ ಮುಗಿದದ್ದು 1392ರಲ್ಲಿ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಹೊರಬಂದದ್ದು 1492ರ ನಂತರ. ಉಪ್ಪಿನಲ್ಲಿ ಹಾಕಿದ ಮೂಲಂಗಿ ಇರಲಿ.

ಇಡೀ ಪುಸ್ತಕವನ್ನು ಈಗಲೇ ತಿದ್ದಲು ಹೋಗಬೇಡಿ. ಕೊಟ್ಟಿಗೆಯ ದೃಶ್ಯವನ್ನು ಮುಟ್ಟದೆ ಹಾಗೇ ಇಟ್ಟು, ಕೊನೆಯ ಅಧ್ಯಾಯವೊಂದನ್ನು ಹೊಸದಾಗಿ ಬರೆದು ನನಗೇ ಕಳುಹಿಸಿ. ಅದನ್ನು ಓದಿದ ಮೇಲೆ ನಡುವಿನ ಅಧ್ಯಾಯಗಳ ಬಗ್ಗೆ ಕುಳಿತು ಮಾತನಾಡೋಣ.

ವಿಶ್ವಾಸದಿಂದ,
ಸಂಪಾದಕ