ಫೇಸ್‌ಗಳಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ, ಮೆಗ್ಗರ್‌ನಲ್ಲಿ ಸೊನ್ನೆ: ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಾ?

11 ಕೆವಿ/415 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನ ಸುಮಾರು 240 ಬರಬೇಕಾದ ಒಂದು ಫೇಸ್‌ನಲ್ಲಿ 170 ವೋಲ್ಟ್, ಇನ್ನೊಂದರಲ್ಲಿ 290. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ ಎಲ್‌ಟಿ, ಅಂದರೆ 415 ವೋಲ್ಟ್ ಕಡೆ, ಮತ್ತು ಅರ್ಥ್ ನಡುವೆ ಸೊನ್ನೆ. ವೈಂಡಿಂಗ್ (ಒಳಗಿನ ತಂತಿ ಸುತ್ತು) ಹೋಗಿದೆಯಾ ಅಂತ ಕೇಳಿದ್ದೀರಿ. ಹೊಸದಕ್ಕೆ ಈಗಲೇ ಆರ್ಡರ್ ಕೊಡಬೇಡಿ.

ಎರಡೆರಡು ಫೇಸ್‌ಗಳ ನಡುವೆ ಅಳೆದಿರಾ? ಮೂರೂ ಕಡೆ 415ರ ಆಸುಪಾಸು ಇದ್ದರೆ ನನ್ನ ಅನುಮಾನ ನ್ಯೂಟ್ರಲ್ (ಮೂರೂ ಫೇಸ್‌ಗೆ ಒಂದೇ ಆದ ವಾಪಸ್ ದಾರಿ) ಮೇಲೆ. ನ್ಯೂಟ್ರಲ್ ಬಿಟ್ಟುಕೊಂಡರೆ ಲೋಡ್ ಜಾಸ್ತಿ ಇರುವ ಫೇಸ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಇರುವ ಕಡೆ ಏರುತ್ತದೆ. ತ್ರೀ ಫೇಸ್ ಮೋಟಾರ್‌ಗಳು ಏನೂ ಆಗದವರಂತೆ ಓಡುತ್ತಿರುತ್ತವೆ, ಬಲ್ಬು, ಕಂಪ್ಯೂಟರ್ ಸುಡುತ್ತವೆ. ಸಿಂಗಲ್ ಫೇಸ್ ಲೋಡ್ ಎಲ್ಲಾ ಮೊದಲು ಆಫ್ ಮಾಡಿ.

ನಾನು ನೋಡಿದ ಒಂದು ಕಡೆ ನ್ಯೂಟ್ರಲ್ ಲಗ್ (ಕೇಬಲ್ ತುದಿಯ ಲೋಹದ ಕಿವಿ) ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗೇ ಇತ್ತು. ಟೇಪ್ ಬಿಚ್ಚಿದರೆ ಒಳಗೆ ಬಿಳಿ ಪುಡಿ, ಬೋಲ್ಟ್ ಕರ್ರಗೆ. ಹಿತ್ತಾಳೆ ಸ್ಟಡ್‌ಗೆ ಅಲ್ಯೂಮಿನಿಯಂ ಲಗ್ಗನ್ನು ನೇರವಾಗಿ ಬಿಗಿದಿದ್ದರು. ಬೆಳಿಗ್ಗೆ ಲೋಡ್ ಇಲ್ಲದಾಗ ವೋಲ್ಟೇಜ್ ಸರಿ, ಮಧ್ಯಾಹ್ನ ಲೋಡ್ ಏರಿದಾಗ ಕುಣಿತ.

ಇನ್ನು ಮೆಗ್ಗರ್‌ನ ಸೊನ್ನೆ. ನ್ಯೂಟ್ರಲ್ಲನ್ನೇ ಅರ್ಥ್‌ಗೆ ಕಟ್ಟಿರುತ್ತೇವಲ್ವಾ? ಆ ಲಿಂಕ್ ಬಿಚ್ಚದೆ ಅಳೆದರೆ ಸೊನ್ನೆಯೇ ಬರಬೇಕು. ಕೆಲಸ ಕಲಿಯುವಾಗ ನಾನೂ ಹೀಗೇ ಗಾಬರಿಯಾಗಿ ಓಡಿದ್ದೆ. ನಮ್ಮ ಮೇಸ್ತ್ರಿ ತಲೆಯೂ ಎತ್ತದೆ "ಲಿಂಕ್ ಬಿಚ್ಚಿದ್ಯೇನಯ್ಯಾ?" ಅಂದಿದ್ದರು. ಎಚ್‌ಟಿ (11 ಕೆವಿ ಕಡೆ) ಆಫ್ ಮಾಡಿಸಿ, ಜನರೇಟರ್, ಸೋಲಾರ್ ಕಡೆಯಿಂದ ವಾಪಸ್ ಕರೆಂಟ್ ಬರದಂತೆ ನೋಡಿ, ಎರಡೂ ಕಡೆ ಅರ್ಥ್ ಮಾಡಿದ ಮೇಲೇ ಮುಟ್ಟಿ. ಲೈಸೆನ್ಸ್ ಇರುವವರೇ ಮಾಡಲಿ. ಲಿಂಕ್, ಎಲ್‌ಟಿ ಕೇಬಲ್ ಎರಡೂ ಬಿಚ್ಚಿ, ಸುರಕ್ಷತೆಗೆ ಹಾಕಿದ ಅರ್ಥ್ ತೆಗೆದು ಮೆಗ್ಗರ್ ಮಾಡಿದಾಗಲೂ ಸೊನ್ನೆ ಬಂದರೆ ಆಗ ಚಿಂತೆ.

ಮೆಗ್ಗರ್ ಚೆನ್ನಾಗಿ ಬಂದರೂ ಒಂದೇ ವೈಂಡಿಂಗ್‌ನ ಸುತ್ತುಗಳ ನಡುವಿನ ಶಾರ್ಟ್ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ರೇಷಿಯೋ ಟೆಸ್ಟ್, ಅಂದರೆ ಎಚ್‌ಟಿ, ಎಲ್‌ಟಿ ಸುತ್ತುಗಳ ಅನುಪಾತ ಅಳೆಯುವುದು. ಡೆಲ್ಟಾ-ಸ್ಟಾರ್ (ಎಚ್‌ಟಿ ಡೆಲ್ಟಾ, ಎಲ್‌ಟಿ ಸ್ಟಾರ್ ಜೋಡಣೆ) ಆದರೆ ನಾರ್ಮಲ್ ಟ್ಯಾಪ್‌ನಲ್ಲಿ (ವೋಲ್ಟೇಜ್ ಹೊಂದಿಸುವ ಸ್ವಿಚ್‌ನ ಮಾಮೂಲಿ ಸ್ಥಾನ) ಪ್ರತಿ ಫೇಸ್‌ಗೂ 11,000 ಭಾಗಿಸು 240, ಅಂದರೆ ಸುಮಾರು 46 ಬರಬೇಕು. ಒಂದು ಫೇಸ್ ಮಾತ್ರ ಬೇರೆ ತೋರಿಸಿದರೆ ವೈಂಡಿಂಗ್ ಹೋಗಿರಬಹುದು.

ಅರ್ಥ್ ಪಿಟ್ (ಅರ್ಥನ್ನು ಮಣ್ಣಿಗೆ ಸೇರಿಸುವ ಗುಂಡಿ) ಇದೆ, ಫಾಲ್ಟ್ ಆದರೆ ಫ್ಯೂಸ್ ಹಾರುತ್ತೆ ಅಂತಲೂ ಬರೆದಿದ್ದೀರಿ. ಪಿಟ್‌ನ ರೆಸಿಸ್ಟೆನ್ಸ್ 10 ಓಮ್ ಅಂದುಕೊಳ್ಳಿ. ಮಣ್ಣಿನ ಮೂಲಕ ಹರಿಯುವುದು 240 ಭಾಗಿಸು 10, ಅಂದರೆ 24 ಆಂಪಿಯರ್. 100 ಆಂಪಿಯರ್ ಫ್ಯೂಸ್ ಅಲುಗುವುದೂ ಇಲ್ಲ, ಮೆಷಿನ್ ಬಾಡಿ ಮಾತ್ರ ಶಾಕ್ ಹೊಡೆಯುತ್ತಿರುತ್ತದೆ. ಬಾಡಿಯಿಂದ ನ್ಯೂಟ್ರಲ್‌ವರೆಗೆ ಅರ್ಥ್ ಪಟ್ಟಿ ಎಲ್ಲೂ ತುಂಡಾಗದೆ ಇದೆಯಾ ನೋಡಿ. ಹಾಂ, ಪಿಟ್ ಅಳೆಯುವ ದಿನ ಯಾರಾದರೂ ಮೊದಲೇ ಬಕೆಟ್‌ಗಟ್ಟಲೆ ನೀರು ಸುರಿದಿದ್ದರೆ ಓಮ್ ಕಡಿಮೆ ತೋರಿಸುತ್ತೆ, ಆ ರೀಡಿಂಗ್ ನಂಬಬೇಡಿ.