ಕಿವಿ ಕೆಟ್ಟಿಲ್ಲ, ಕಾಯುವ ಜಾಗ ಬೇರೆ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ಪತ್ರ ನಾಲ್ಕು ಪುಟ ಇರುವುದರಿಂದ ಮಿಕ್ಕ ಓದುಗರಿಗಾಗಿ ಅದರ ಸಾರವನ್ನಷ್ಟೇ ಮೊದಲು ಹೇಳಿಬಿಡುತ್ತೇನೆ.

ನೀವು ಬಿ.ಎ. ಎರಡನೆಯ ವರ್ಷದಲ್ಲಿದ್ದೀರಿ. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀರಿ. ಕಾಲೇಜಿನ ಐಚ್ಛಿಕ ತರಗತಿಯೊಂದರಲ್ಲಿ ಒಂದೇ ಗಂಟೆಯೊಳಗೆ ಆರು ನಾಡುಗಳ ಸಂಗೀತ ಕೇಳಿಸಿ, ಅನಿಸಿದ್ದನ್ನು ಬರೆದುಕೊಡಿ ಎಂದರು. ಜಾವಾದ ಗಾಮೆಲಾನ್ ಎಂಬ ಕಂಚಿನ ವಾದ್ಯಗಳ ಮೇಳದ ಬಗ್ಗೆ ‘ಪಾತ್ರೆ ಅಂಗಡಿಯ ಮೇಲೆ ಆಲಿಕಲ್ಲು ಮಳೆ ಸುರಿದ ಹಾಗಿತ್ತು, ಶ್ರುತಿ ಸೇರಿಲ್ಲ, ಮುಗಿಯುವುದೂ ಇಲ್ಲ’ ಎಂದು ಬರೆದಿರಿ. ಬಲ್ಗೇರಿಯಾದ ಹೆಂಗಸರ ಹಾಡಿಗೆ ‘ಇಬ್ಬರು ಜಗಳಕ್ಕೆ ನಿಂತ ಹಾಗೆ’ ಎಂದಿರಿ. ಮಿಕ್ಕವರೆಲ್ಲ ‘ಅದ್ಭುತ, ಸಂಗೀತಕ್ಕೆ ಗಡಿಯಿಲ್ಲ’ ಎಂದು ಬರೆದು ಒಳ್ಳೆಯ ಅಂಕ ತೆಗೆದುಕೊಂಡರು. ನಿಮ್ಮ ಹಾಳೆ ‘ಸಂವೇದನೆ ಸಾಲದು’ ಎಂಬ ಷರಾದೊಂದಿಗೆ ವಾಪಸು ಬಂತು. ಈಗ ಕೇಳುತ್ತಿದ್ದೀರಿ: ನನ್ನ ಕಿವಿ ಕೆಟ್ಟಿದೆಯೇ? ಹಿಡಿಸದ್ದನ್ನು ಹಿಡಿಸಿತು ಎನ್ನಬೇಕೇ?

ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಬೇಡ. ನಿಮ್ಮ ಹಾಳೆಯಲ್ಲಿ ಒಬ್ಬ ಮನುಷ್ಯಳ ಕಿವಿ ಇತ್ತು. ‘ಅದ್ಭುತ’ ಎಂದು ಬರೆದ ಹಾಳೆಗಳಲ್ಲಿ ಕೇಳಿದ ಗುರುತಾದರೂ ಇತ್ತೇ ಎಂಬುದು ನನ್ನ ಅನುಮಾನ. ಹಾಗೆಂದು ನಿಮ್ಮ ತೀರ್ಪು ಸರಿ ಎಂದು ನಾನು ಒಪ್ಪಲಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1851ರ ಲಂಡನ್ ಮಹಾಪ್ರದರ್ಶನಕ್ಕೆ ವಾದ್ಯಗಳ ತೀರ್ಪುಗಾರನಾಗಿ ಹೋಗಿದ್ದ ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್ ಅಲ್ಲಿ ಚೀನೀ ಗಾಯನ ಕೇಳಿದ. ನಿದ್ದೆಯಿಂದ ಎದ್ದ ನಾಯಿ ಮೈಮುರಿದು ಆಕಳಿಸುವ ದನಿಗೆ ಅದನ್ನು ಹೋಲಿಸಿ ಬರೆದ. ಆತನ ಕಿವಿ ಸಣ್ಣದಾಗಿರಲಿಲ್ಲ, ವಾದ್ಯವೃಂದದ ಬಣ್ಣಗಳನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ಕಡಿಮೆ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೊಂದು ಪ್ರದರ್ಶನ ನಡೆಯಿತು. ಅಲ್ಲಿ ಜಾವಾದವರ ಗಾಮೆಲಾನ್ ಕೇಳಿದ ಇನ್ನೊಬ್ಬ ಫ್ರೆಂಚ್ ಸಂಗೀತಕಾರ ಡೆಬ್ಯುಸಿಗೆ ಅದು ಮುಂದೆ ಎಷ್ಟೋ ವರ್ಷ ತಲೆಯಲ್ಲಿ ಉಳಿಯಿತು. ಕಿವಿಯ ತರಬೇತಿಯಲ್ಲಿ ಇಬ್ಬರಿಗೂ ಕೊರತೆ ಇರಲಿಲ್ಲ. ಒಬ್ಬ ತನ್ನ ಮೊದಲ ಅನಿಸಿಕೆಯನ್ನೇ ಕೊನೆಯ ಮಾತು ಮಾಡಿಕೊಂಡ, ಇನ್ನೊಬ್ಬ ಆ ಸದ್ದಿನ ಹಿಂದೆಯೇ ಹೋದ.

ನಿಮ್ಮ ಮೊದಲ ದೂರಿಗೆ ಬರೋಣ, ‘ಶ್ರುತಿ ಸೇರಿಲ್ಲ’ ಎಂಬುದಕ್ಕೆ. ಗಾಮೆಲಾನ್‌ಗೆ ಎರಡು ಶ್ರುತಿಕ್ರಮಗಳಿವೆ. ಸ್ಲೆಂದ್ರೋ ಎಂಬುದರಲ್ಲಿ ಒಂದು ಸ್ಥಾಯಿಯನ್ನು ಹೆಚ್ಚುಕಡಿಮೆ ಸಮನಾದ ಐದು ಹೆಜ್ಜೆಗಳಲ್ಲಿ ಹತ್ತುತ್ತಾರೆ. ಪೆಲೋಗ್ ಎಂಬುದರಲ್ಲಿ ಏಳು ಸ್ವರ, ಅಂತರಗಳು ಮಾತ್ರ ಒಂದಕ್ಕೊಂದು ಸಮವಲ್ಲ. ಐದು ಸ್ವರ ಕೇಳಿದ ತಕ್ಷಣ ನಿಮ್ಮ ಕಿವಿ ನಮ್ಮ ಐದು ಸ್ವರದ ಮೋಹನ ರಾಗವನ್ನು ಹುಡುಕಿರುತ್ತದೆ. ಗಾಂಧಾರಕ್ಕೆ ಕೈ ಚಾಚಿದರೆ ಅದು ಅಲ್ಲಿಲ್ಲ, ಅಲ್ಲೇ ಪಕ್ಕದಲ್ಲಿ ಎಲ್ಲೋ ಇದೆ. ಅದಕ್ಕೇ ಕಿರಿಕಿರಿ. ಇನ್ನೂ ಒಂದು ವಿಷಯ ಇದೆ: ಒಂದು ಊರಿನ ಗಾಮೆಲಾನ್‌ನ ಶ್ರುತಿ ಪಕ್ಕದ ಊರಿನದಕ್ಕೆ ಹೊಂದುವುದಿಲ್ಲ. ಇಡೀ ಮೇಳದ ಕಂಚಿನ ವಾದ್ಯಗಳನ್ನು ಒಟ್ಟಿಗೆ ಎರಕ ಹೊಯ್ದು, ಬಡಿದು, ಅರೆದು, ಒಂದಕ್ಕೊಂದು ಕೂಡಿಸಿ ಶ್ರುತಿ ಮಾಡುತ್ತಾರೆ. ಆ ಮೇಳದ ವಾದ್ಯ ಆ ಮೇಳಕ್ಕೇ ಸೈ. ಬಾಲಿ ದ್ವೀಪದಲ್ಲಂತೂ ಜೋಡಿ ವಾದ್ಯಗಳನ್ನು ಬೇಕೆಂದೇ ಒಂದು ಎಳೆಯಷ್ಟು ಹೆಚ್ಚುಕಡಿಮೆ ಶ್ರುತಿಯಲ್ಲಿ ಇಡುತ್ತಾರೆ. ಎರಡೂ ಒಟ್ಟಿಗೆ ನುಡಿದಾಗ ನಾದ ಅಲುಗುತ್ತದೆ. ಆ ಅಲುಗಾಟವನ್ನು ಅವರು ‘ಅಲೆ’ ಎಂದೇ ಕರೆಯುತ್ತಾರೆ, ಅದಿಲ್ಲದ ವಾದ್ಯ ಅವರಿಗೆ ಸತ್ತ ಹಾಗೆ.

ಇದನ್ನು ಬರೆಯುವಾಗ ನನ್ನ ಅಜ್ಜಿ ಕಣ್ಣ ಮುಂದೆ ಬರುತ್ತಾರೆ. ರಾಗಿ ಬೀಸುತ್ತಾ ಹಾಡುತ್ತಿದ್ದ ಅವರ ಪದವನ್ನು ನಮ್ಮ ಸೋದರಮಾವ ಒಂದು ಬೆಳಗ್ಗೆ ಹಾರ್ಮೋನಿಯಂ ಮೇಲೆ ಹಿಡಿಯಲು ಕೂತರು. ಸಾಲಿನ ಕೊನೆಯಲ್ಲಿ ಅಜ್ಜಿ ಇಳಿಯುತ್ತಿದ್ದ ಸ್ವರ ಎರಡು ಮನೆಗಳ ನಡುವೆ ಇತ್ತು. ಮಾವ ಬಿಳಿ ಮನೆ ಒತ್ತಿದರು, ಕಪ್ಪು ಮನೆ ಒತ್ತಿದರು, ಎರಡನ್ನೂ ಒಟ್ಟಿಗೆ ಒತ್ತಿದರು. ಕೊನೆಗೆ, ‘ಅವ್ವ, ನೀನು ಸ್ವಲ್ಪ ಮೇಲೆ ಹೇಳು’ ಎಂದರು. ಅಜ್ಜಿ ಬೀಸುಕಲ್ಲಿನ ಗೂಟ ಬಿಡದೆಯೇ, ‘ನನ್ನ ಪದ ನಿನ್ನ ಪೆಟ್ಟಿಗೇಲಿಲ್ಲ, ಬಿಡಪ್ಪ’ ಎಂದು ಇನ್ನೊಂದು ಹಿಡಿ ರಾಗಿ ಹಾಕಿದರು. ಶ್ರುತಿ ತಪ್ಪಿದೆ ಎಂದು ಯಾರಾದರೂ ಹೇಳಿದಾಗಲೆಲ್ಲ, ಯಾವ ಪೆಟ್ಟಿಗೆಯ ಲೆಕ್ಕದಲ್ಲಿ ಎಂದು ಕೇಳಬೇಕೆನಿಸುತ್ತದೆ ನನಗೆ.

ಎರಡನೆಯ ದೂರು, ‘ಮುಗಿಯುವುದೇ ಇಲ್ಲ’. ನನಗೆ ಇದೇ ಮುಖ್ಯ. ನೀವು ಆದಿತಾಳದಲ್ಲಿ ಬೆಳೆದವರು. ಆವರ್ತದ ಮೊದಲ ಏಟಿಗೆ ನಿಮ್ಮ ಕೈ ತಾನಾಗಿ ತೊಡೆಗೆ ಬೀಳುತ್ತದೆ, ಮೃದಂಗದವರು ಒಬ್ಬರೇ ನುಡಿಸುವ ತನಿಯಲ್ಲಿ ಅವರ ಮುಕ್ತಾಯ ಸರಿಯಾಗಿ ಬಂದು ಕೂತಾಗ ಸಭೆಯೇ ‘ಆಹಾ’ ಎನ್ನುತ್ತದೆ. ಅಂದರೆ ನಾವು ಸುಮ್ಮನೆ ಕೇಳುತ್ತಿರುವುದಿಲ್ಲ, ಒಂದು ಜಾಗಕ್ಕಾಗಿ ಕಾಯುತ್ತಿರುತ್ತೇವೆ. ಜಾವಾದವರೂ ಕಾಯುತ್ತಾರೆ. ಅವರ ಆವರ್ತದ ಭಾರವೆಲ್ಲ ಕೊನೆಯ ಏಟಿನ ಮೇಲೆ. ಸಣ್ಣ ವಾದ್ಯಗಳು ಚುರುಕಾಗಿ, ದೊಡ್ಡವು ನಿಧಾನವಾಗಿ ನುಡಿಯುತ್ತಾ ಎಲ್ಲವೂ ಆ ಕಡೆಗೇ ನಡೆಯುತ್ತವೆ, ಅಲ್ಲಿ ಎಲ್ಲಕ್ಕಿಂತ ದೊಡ್ಡ ಗಾಂಗ್ ಬೀಳುತ್ತದೆ. ನಡುವೆ ಉಬ್ಬಿರುವ, ಚೌಕಟ್ಟಿಗೆ ತೂಗುಹಾಕಿದ ಭಾರೀ ಕಂಚು ಅದು. ಅದಕ್ಕೆ ಹೂವು, ಧೂಪ ಇಡುವ ಪದ್ಧತಿಯಿದೆ. ವಾದ್ಯಗಳನ್ನು ಯಾರೂ ದಾಟಿ ನಡೆಯುವುದಿಲ್ಲ, ನಾವು ಪುಸ್ತಕ ತುಳಿಯದ ಹಾಗೆ. ನೀವು ಆರಂಭದಲ್ಲಿ ಕಾದಿರಿ, ಅವರು ಕೊನೆಯಲ್ಲಿ ಕೊಟ್ಟರು. ಹಾಗಾಗಿ ನಿಮಗೆ ಸಿಗಬೇಕಾದದ್ದು ಸಿಗಲಿಲ್ಲ.

ಬಲ್ಗೇರಿಯಾದ ಹೆಂಗಸರ ಜಗಳದ ಬಗ್ಗೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಮೊದಲ ದಿನ ನಿಮಗೆ ಪಾಠವಾದದ್ದು ಮಾಯಾಮಾಳವಗೌಳ ರಾಗದ ಸರಳೆ ತಾನೆ? ತಂಬೂರಿ ಷಡ್ಜ ನುಡಿಯುತ್ತಿರುತ್ತದೆ, ಅದಕ್ಕೆ ಮೈ ತಾಗಿಸಿಕೊಂಡು ನೀವು ತೀರಾ ಪಕ್ಕದ ಸ್ವರವಾದ ಶುದ್ಧ ರಿಷಭ ಹಿಡಿಯುತ್ತೀರಿ. ಎಂಟು ವರ್ಷದಲ್ಲಿ ಒಂದು ದಿನವಾದರೂ ಅದು ಜಗಳ ಎನಿಸಿತೇ? ಬಲ್ಗೇರಿಯಾದ ರಾಜಧಾನಿ ಸೋಫಿಯಾ ಸುತ್ತಿನ ಶೋಪ್ ಸೀಮೆಯ ಹಾಡಿನಲ್ಲಿ ಒಬ್ಬಳು ಸ್ವರ ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ಅದರ ಪಕ್ಕದ ಸ್ವರಕ್ಕೇ ಬಂದು ಒತ್ತಿ ನಿಲ್ಲುತ್ತಾಳೆ. ಎರಡೂ ತಾಗಿದಾಗ ಗಂಟೆಯಂತೆ ಮೊಳಗಬೇಕು, ಅವರು ಕಾಯುವುದು ಆ ಮೊಳಗಿಗೆ. ಅವರ ಕುಣಿತದ ಲಯವೂ ನಿಮಗೆ ದೂರದ್ದಲ್ಲ. ರುಚೆನಿತ್ಸ ಎಂಬ ಕುಣಿತಕ್ಕೆ ಏಳು ಎಣಿಕೆ, ನಮ್ಮ ಮಿಶ್ರಚಾಪು ತಾಳದ ಹಾಗೆ. ಮಿಶ್ರಚಾಪುವಿನ ಮೂರು ಮುಂದೆ ಬರುತ್ತದೆ, ನಾಲ್ಕು ಹಿಂದೆ. ಅವರದು ಎರಡು, ಎರಡು, ಆಮೇಲೆ ಮೂರು. ಕೈಯಲ್ಲಿ ಹಾಕಿ ನೋಡಿ, ಮೊದಲು ತೊಡರುತ್ತದೆ, ಆಮೇಲೆ ಕಾಲು ತಾನೇ ಏಳುತ್ತದೆ.

ದಕ್ಷಿಣ ಸೈಬೀರಿಯಾದ ತುವಾದವರ ಗಂಟಲು ಗಾಯನಕ್ಕೆ ನೀವು ಒಂದೇ ಸಾಲು ಬರೆದಿದ್ದೀರಿ, ನಾನೂ ಹೆಚ್ಚು ಹೇಳುವುದಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಸರಿಸಿ ಜೀವಾಳಿ ಕೂರಿಸಿದಾಗ ಮೇಲೆ ಹೊಳೆಯುವ ಸ್ವರಗಳಿವೆಯಲ್ಲ, ಅವನ್ನು ಒಬ್ಬ ಮನುಷ್ಯ ಬಾಯೊಳಗೇ ಆರಿಸಿ ತೆಗೆಯುತ್ತಿದ್ದಾನೆ ಎಂದುಕೊಂಡು ಮತ್ತೆ ಕೇಳಿ.

ನಿಮ್ಮ ಅಧ್ಯಾಪಕರ ಉದ್ದೇಶ ಒಳ್ಳೆಯದೇ ಇರಬೇಕು. ಆದರೆ ಗಂಟೆಗೆ ಆರು ನಾಡು ಎಂಬ ಲೆಕ್ಕ ನನಗೆ ಒಗ್ಗುವುದಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲಿ ಅವರು ಅಲ್ಲಿಷ್ಟು ಇಲ್ಲಿಷ್ಟು ರುಚಿ ನೋಡಿ ಬಿಟ್ಟವರಲ್ಲ. ಲಂಡನ್ನಿನಲ್ಲಿ ಕಡೆಗಣನೆಗೆ ಒಳಗಾಗಿದ್ದ ಮೆಟ್ನರ್ ಎಂಬ ರಷ್ಯದ ಸಂಗೀತಕಾರನನ್ನು ಹಿಡಿದು, ಅವನ ಕೃತಿಗಳು ಅವನದೇ ಕೈಯಿಂದ ಧ್ವನಿಮುದ್ರಣವಾಗಲೆಂದು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ. ಅಷ್ಟು ಆಳಕ್ಕೆ ಇಳಿದಿದ್ದ ಅದೇ ಮನುಷ್ಯ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದು ಇನ್ನೊಂದನ್ನು ಕೆಡಿಸಲಿಲ್ಲ.

ಆದ್ದರಿಂದ ನೀವೂ ಒಂದನ್ನೇ ಹಿಡಿಯಿರಿ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಅಂತರಿಕ್ಷಕ್ಕೆ ಹೋದ, ಚಿನ್ನದ ಲೇಪದ ಧ್ವನಿಮುದ್ರಣದ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ. ಅದೇ ತಟ್ಟೆಯಲ್ಲಿ ಜಾವಾದ ಗಾಮೆಲಾನ್ ರಚನೆಯೊಂದೂ ಇದೆ, ಹೆಸರು ‘ಪುಷ್ಪವರ್ಣ’. ಹೆಸರಿಗೆ ನಮಗೆ ನಿಘಂಟು ಬೇಕಿಲ್ಲ. ಅರಮನೆಯಲ್ಲಿ ರಾಜಕುಮಾರ ಬರುವಾಗ ನುಡಿಸುತ್ತಿದ್ದದ್ದು, ಐದು ನಿಮಿಷಕ್ಕಿಂತ ಕಡಿಮೆ. ಪತ್ರದ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ ನೀವು ಬರೆದಿದ್ದೀರಿ: ರಾತ್ರಿ ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದಾಗ ಒಂದು ದೊಡ್ಡ ‘ಗುಂ’ ಎದೆಗೆ ತಾಗಿತು, ಅದೇನು ಎಂದು. ಅದೇ ಗಾಂಗ್. ಈ ರಚನೆಯ ಪೀಠಿಕೆ ಮುಗಿದು ಮೊದಲ ಸಲ ಅದು ಬೀಳುತ್ತದೆ, ಅಲ್ಲಿಂದ ಮುಂದೆ ಹದಿನಾರು ಏಟಿಗೊಮ್ಮೆ. ಎಣಿಸಲು ಹೋಗಬೇಡಿ, ತಾಳವನ್ನೂ ಹಾಕಬೇಡಿ. ದಿನಕ್ಕೊಮ್ಮೆಯಂತೆ ಹದಿನೈದು ದಿನ ಕೇಳಿ. ಆಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಬರೆಯಿರಿ, ಅಚ್ಚು ಹಾಕುತ್ತೇನೆ. ಗಾಂಗ್ ಬೀಳುವ ಮುಂಚೆಯೇ ‘ಈಗ ಬರುತ್ತದೆ’ ಎಂದು ಮೈಗೆ ಗೊತ್ತಾದದ್ದು ಎಷ್ಟನೆಯ ದಿನ ಎಂಬುದನ್ನು ಮಾತ್ರ ಆ ಪತ್ರದಲ್ಲಿ ತಪ್ಪದೆ ತಿಳಿಸಿ.

— ಸಂಪಾದಕ