ಕಾವು ಎಲ್ಲಿಗೆ ಹೋಗಬೇಕು? – ವಾಹನ ಪ್ರಶ್ನೋತ್ತರ

ಈ ತಿಂಗಳು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ವಾಹನಗಳು ಕೊಡುವ ತೊಂದರೆಗಳನ್ನು ಕುರಿತವು. ಎಂಜಿನ್, ಬ್ರೇಕ್, ಟೈರ್ ಎಂದು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಅವೆಲ್ಲವುಗಳ ಹಿಂದೆ ಇರುವುದು ಒಂದೇ ವಿಚಾರ: ವಾಹನದಲ್ಲಿ ಹುಟ್ಟಿದ ಶಾಖಕ್ಕೆ ಹೊರಹೋಗುವ ದಾರಿ ಸರಿಯಾಗಿದೆಯೇ ಇಲ್ಲವೇ ಎಂಬುದು. ಆದ್ದರಿಂದ ಗೇರು ಮತ್ತು ಕ್ಲಚ್ಚಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 40 ಎಚ್‌ಪಿ ಟ್ರ್ಯಾಕ್ಟರ್. ಉಳುಮೆ ಮಾಡುವಾಗ ಏನೂ ತೊಂದರೆಯಿಲ್ಲ. ಮೆಕ್ಕೆಜೋಳದ ಒಕ್ಕಣೆ ಯಂತ್ರಕ್ಕೆ ಜೋಡಿಸಿ ಒಂದು ತಾಸು ಓಡಿಸಿದರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಗುತ್ತದೆ. ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿ, ‘ನಮ್ಮ ಕಡೆಯ ಬಿಸಿಲಿಗೆ ಇದು ಬೇಕಾಗಿಲ್ಲ’ ಎಂದರು. ಆದರೂ ತೊಂದರೆ ಪೂರ್ತಿ ಹೋಗಿಲ್ಲ. ವಾಲ್ವ್ ತೆಗೆದದ್ದು ಸರಿಯೇ?
– ರೈತರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಸರಿಯಲ್ಲ. ದಯವಿಟ್ಟು ಅದನ್ನು ಮತ್ತೆ ಹಾಕಿಸಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಈ ಅಭ್ಯಾಸ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಕಡೆ ಇದೆ.

ನಿಮ್ಮ ಎಂಜಿನ್ ಪೂರ್ತಿ ಹೊರೆಯಲ್ಲಿ ಓಡುವಾಗ ಸುಮಾರು 30 ಕಿಲೋವ್ಯಾಟ್‌ನಷ್ಟು ಶಕ್ತಿಯನ್ನು ಶಾಫ್ಟಿಗೆ ಕೊಡುತ್ತದೆ. ಸುಟ್ಟ ಡೀಸೆಲ್‌ನಲ್ಲಿದ್ದ ಶಕ್ತಿಯಲ್ಲಿ ಇದು ಮೂರನೆಯ ಒಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ತುಸು ಜಾಸ್ತಿ. ಉಳಿದದ್ದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಬೀಳುತ್ತದೆ, ಮತ್ತೊಂದು ಪಾಲು ಸಿಲಿಂಡರ್ ಗೋಡೆಗಳ ಮೂಲಕ ನೀರಿಗೆ ಇಳಿಯುತ್ತದೆ. ಹೀಗೆ ನೀರಿಗೆ ಇಳಿಯುವ ಶಾಖವೇ ಸುಮಾರು 20 ಕಿಲೋವ್ಯಾಟ್ ಆಗುತ್ತದೆ. ಎರಡು ಕಿಲೋವ್ಯಾಟ್‌ನ ಹತ್ತು ಗೀಸರ್‌ಗಳು ಒಟ್ಟಿಗೆ ಉರಿಯುತ್ತಿರುವಷ್ಟು ಎಂದುಕೊಳ್ಳಿ. ಸಿಲಿಂಡರಿನೊಳಗಿನ ಬೆಂಕಿ ಕ್ಷಣಮಾತ್ರವಾದರೂ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಪಿಸ್ಟನ್ನಿನ ಅಲ್ಯೂಮಿನಿಯಂ 660 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ. ಹೀಗಿದ್ದೂ ಪಿಸ್ಟನ್ ಕರಗದೆ ಉಳಿದಿರುವುದು, ಆ ಶಾಖವನ್ನು ನೀರು ಮತ್ತು ಆಯಿಲ್ ಪುರುಸೊತ್ತಿಲ್ಲದೆ ಹೊತ್ತೊಯ್ಯುತ್ತಿರುವುದರಿಂದ.

ಇನ್ನು ಥರ್ಮೋಸ್ಟಾಟ್. ಅದರೊಳಗೆ ಒಂದು ಸಣ್ಣ ಹಿತ್ತಾಳೆಯ ಡಬ್ಬಿಯಲ್ಲಿ ಮೇಣ ತುಂಬಿರುತ್ತದೆ. ನೀರು 80–90 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ, ಒಂದು ಕಡ್ಡಿಯನ್ನು ತಳ್ಳಿ, ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ. ಅಲ್ಲಿಯವರೆಗೆ ನೀರು ಬೈಪಾಸ್ ದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತುತ್ತದೆ. ವಿದ್ಯುತ್ ಬೇಡ, ಯಾರೂ ಮುಟ್ಟಬೇಕಾಗಿಲ್ಲ. ಇಷ್ಟು ಸರಳವಾಗಿಯೂ ಇಷ್ಟು ನಂಬಿಕೆಯಿಂದಲೂ ಕೆಲಸ ಮಾಡುವ ಭಾಗ ವಾಹನದಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಅದನ್ನು ತೆಗೆದುಹಾಕಿದರೆ ಎರಡು ಕೆಡುಕುಗಳಾಗುತ್ತವೆ. ಬೆಳಗಿನ ಹೊತ್ತು ಎಂಜಿನ್ ಕಾಯಲು ಬಹಳ ಸಮಯ ಹಿಡಿದು, ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಗಂಟಿ ಆಯಿಲ್‌ಗೆ ಸೇರುತ್ತದೆ. ರಿಂಗು, ಲೈನರ್‌ಗಳು ಬೇಗ ಸವೆಯುತ್ತವೆ, ಡೀಸೆಲ್ ಖರ್ಚೂ ಏರುತ್ತದೆ. ಎರಡನೆಯದು ನಿಮ್ಮ ಮೆಕ್ಯಾನಿಕ್ ಗಮನಿಸದೆ ಹೋದ ಸಂಗತಿ. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ತೆರೆದುಕೊಳ್ಳುವಾಗಲೇ ಅದರ ಹಿಂಬದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಮತ್ತೆ ಎಂಜಿನ್ನಿಗೆ ಮರಳುತ್ತದೆ. ತಂಪಾಗಲೆಂದು ಮಾಡಿದ ಕೆಲಸ, ಹೊರೆ ಹೆಚ್ಚಿದಾಗ ಕಾವನ್ನೇ ಹೆಚ್ಚಿಸಬಹುದು.

ಹಾಗಾದರೆ ನಿಮ್ಮ ತೊಂದರೆಯ ಮೂಲ ಯಾವುದು? ಉಳುವಾಗ ಇಲ್ಲದ್ದು ಒಕ್ಕುವಾಗ ಇದೆ ಎಂದು ನೀವೇ ಬರೆದಿದ್ದೀರಿ. ಒಕ್ಕಣೆಯಲ್ಲಿ ಎಂಜಿನ್, ಜೋಡಿಸಿದ ಯಂತ್ರಕ್ಕೆ ಶಕ್ತಿ ಮುಟ್ಟಿಸುವ ಪಿ.ಟಿ.ಒ. ಶಾಫ್ಟನ್ನು ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ ತಾಸುಗಟ್ಟಲೆ ತಿರುಗಿಸುತ್ತಾ, ಒಂದೇ ಜಾಗದಲ್ಲಿ, ತಾನೇ ಎಬ್ಬಿಸಿದ ಹೊಟ್ಟು ಧೂಳಿನ ನಡುವೆ ನಿಂತಿರುತ್ತದೆ. ಫ್ಯಾನ್ ಮುಂದಿನಿಂದ ಗಾಳಿ ಎಳೆಯುವಾಗ ಮೆಕ್ಕೆಜೋಳದ ತೆಳುವಾದ ಸಿಪ್ಪೆಯನ್ನೂ ಎಳೆದು ರೇಡಿಯೇಟರಿನ ಜಾಲಿಗೆ ಅಂಟಿಸುತ್ತದೆ. ಮೇಲೆ ಜಾಲಿ ಸ್ವಚ್ಛವಾಗಿ ಕಂಡರೂ ಒಳಗಿನ ಹಾಳೆಗಳ ಸಂದಿನಲ್ಲಿ ಕಂಬಳಿಯಂತೆ ಕಟ್ಟಿಕೊಂಡಿರಬಹುದು. ಯಂತ್ರದ ಹೊಟ್ಟು ಗಾಳಿಯ ಜೊತೆ ಟ್ರ್ಯಾಕ್ಟರಿನಿಂದ ದೂರ ಹೋಗುವಂತೆ ಕಣದಲ್ಲಿ ನಿಲ್ಲಿಸುವ ದಿಕ್ಕನ್ನು ಮೊದಲೇ ನೋಡಿಕೊಳ್ಳಿ. ನಮ್ಮ ಹಿರಿಯರು ತೂರುವಾಗ ಗಾಳಿ ನೋಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಜಾಲಿ ಬಿಡಿಸಿ ಝಾಡಿಸಿ. ಕಂಪ್ರೆಸರ್ ಸಿಕ್ಕರೆ ಎಂಜಿನ್ ಆರಿಸಿ, ಫ್ಯಾನಿನ ಕಡೆಯಿಂದ ಹೊರಕ್ಕೆ, ಅಂದರೆ ಕಸ ಬಂದ ದಿಕ್ಕಿಗೆ ಎದುರಾಗಿ ಗಾಳಿ ಹೊಡೆಯಿರಿ. ವಾಟರ್ ಸರ್ವಿಸಿನ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ತೆಳು ಹಾಳೆಗಳು ಮಡಚಿಕೊಂಡು ಇದ್ದ ಸಂದೂ ಮುಚ್ಚುತ್ತದೆ. ಇದರ ಜೊತೆಗೆ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ.

ಪ್ರಶ್ನೆ: ಕಾರಿನ ರೇಡಿಯೇಟರಿಗೆ ಕೂಲೆಂಟ್ ಹಾಕಲೇಬೇಕೆ? ನಮ್ಮ ಬೋರ್‌ವೆಲ್ ನೀರನ್ನೇ ಹಾಕಿದರೆ ಏನಾಗುತ್ತದೆ? ನಮ್ಮ ಊರಲ್ಲೇನು ಹಿಮ ಬೀಳುವುದಿಲ್ಲವಲ್ಲ.
– ಓದುಗರು, ಹಿರಿಯೂರು

ಉತ್ತರ: ಹಿಮ ಬೀಳುವುದಿಲ್ಲ, ನಿಜ. ಆದರೆ ಕೂಲೆಂಟ್ ನೀರನ್ನು ಹೆಪ್ಪುಗಟ್ಟದಂತೆ ಕಾಯುವುದಷ್ಟೇ ಅಲ್ಲ, ಕುದಿಯುವ ಬಿಂದುವನ್ನು ಮೇಲಕ್ಕೆತ್ತುತ್ತದೆ, ತುಕ್ಕನ್ನೂ ತಡೆಯುತ್ತದೆ. ನಮಗೆ ಬೇಕಾದದ್ದು ಕೊನೆಯ ಎರಡು. ನಿಮ್ಮ ಮನೆಯ ಸ್ನಾನದ ಹಂಡೆಯ ತಳವನ್ನು ಒಮ್ಮೆ ನೋಡಿ. ಗಡಸು ನೀರು ಕಾದು ಕಾದು ಅಲ್ಲಿ ಕಟ್ಟಿರುವ ಬಿಳಿ ಪೊರೆಯೇ ಎಂಜಿನ್ನಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ಆ ಪೊರೆ ಲೋಹಕ್ಕೆ ಹೋಲಿಸಿದರೆ ಶಾಖವನ್ನು ತೀರ ಕಡಿಮೆ ದಾಟಿಸುತ್ತದೆ. ನೀರು ಪಕ್ಕದಲ್ಲೇ ಹರಿಯುತ್ತಿದ್ದರೂ ಲೋಹ ಸುಡುತ್ತಿರುತ್ತದೆ. ಕಂಪನಿ ಸೂಚಿಸಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಹೇಳಿದ ಪ್ರಮಾಣದಲ್ಲಿ ಬೆರೆಸಿ, ಅಥವಾ ಬೆರೆಸಿಯೇ ಮಾರುವುದನ್ನು ಕೊಳ್ಳಿ. ದಾರಿಯಲ್ಲಿ ಸೋರಿ ಬೇರೆ ಗತಿಯಿಲ್ಲದಾಗ ಸಿಕ್ಕ ನೀರು ಹಾಕುವುದು ತಪ್ಪಲ್ಲ, ಅದನ್ನು ಹಾಗೆಯೇ ಬಿಡುವುದು ತಪ್ಪು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಬದಲಿಸಿದಾಗ ನೆಲಕ್ಕೆ ಚೆಲ್ಲಿದರೆ ನಾಯಿ, ಕರುಗಳು ನೆಕ್ಕುತ್ತವೆ, ಮಕ್ಕಳಿರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು.

ನೀವು ಕೇಳದಿದ್ದರೂ ಇನ್ನೊಂದು ಮಾತು ಸೇರಿಸುತ್ತೇನೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರೂ 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿದ್ದ ನೀರು ತಟ್ಟನೆ ಕುದಿದು ಉಗಿಯಾಗಿ ಮುಖಕ್ಕೆ ಹಾರುತ್ತದೆ. ಹಲವು ವರ್ಷಗಳ ಹಿಂದೆ ಹೆದ್ದಾರಿಯ ಬದಿಯಲ್ಲಿ, ನನ್ನ ಕಣ್ಣೆದುರೇ ನನ್ನ ತಮ್ಮನ ಮುಂಗೈ ಹೀಗೆ ಬೆಂದಿತು. ಗುರುತು ಈಗಲೂ ಇದೆ. ಎಂಜಿನ್ ಆರಿಸಿ, ಬಾನೆಟ್ ತೆರೆದು, ಕನಿಷ್ಠ ಅರ್ಧ ಗಂಟೆಯಾದರೂ ಕಾಯಿರಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂದು ನಮ್ಮ ಗುರುಗಳು ಕಲಿಸಿದ್ದರು. ಈಗಿನ ಹುಡುಗರು ಬೇಡ ಎನ್ನುತ್ತಾರೆ. ಯಾವುದು ಸರಿ?
– ಲಾರಿ ಚಾಲಕರು, ಚಿತ್ರದುರ್ಗ

ಉತ್ತರ: ಹುಡುಗರು ಹೇಳುವುದು ಸರಿ. ನಿಮ್ಮ ಗುರುಗಳ ಕಾಲದ ಎಂಜಿನ್‌ಗಳೇ ಬೇರೆ, ಆದರೆ ಅಪಾಯದ ಲೆಕ್ಕ ಆಗಲೂ ಇದೇ ಆಗಿತ್ತು.

ಬ್ರೇಕ್ ವಾಹನದ ಚಲನೆಯನ್ನು ಅಳಿಸುವುದಿಲ್ಲ, ಅದನ್ನು ಶಾಖವಾಗಿ ಬದಲಿಸುತ್ತದೆ. 1200 ಕಿಲೋ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನೆಯಲ್ಲಿ ಸುಮಾರು ಮೂರು ಲಕ್ಷ ಜೂಲ್ ಶಕ್ತಿ ಇರುತ್ತದೆ. ಒಮ್ಮೆ ನಿಲ್ಲಿಸಿದಿರೆಂದರೆ, ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸುವಷ್ಟು ಶಾಖ ಆ ನಾಲ್ಕು ಬ್ರೇಕುಗಳಲ್ಲಿ ಹುಟ್ಟಿತು. ವೇಗ ಅರ್ಧವಾದರೆ ಶಾಖ ಕಾಲು ಪಾಲಿಗೆ ಇಳಿಯುತ್ತದೆ. ಈಗ ನಿಮ್ಮ ಲಾರಿಯ ಲೆಕ್ಕಕ್ಕೆ ಬರೋಣ. ಈರುಳ್ಳಿ ಚೀಲಗಳೂ ಸೇರಿ ಒಟ್ಟು 16 ಟನ್ ತೂಗುವ ಲಾರಿ ಘಾಟಿಯಲ್ಲಿ ಬರೇ 100 ಮೀಟರ್ ಎತ್ತರ ಇಳಿದರೆ, ವೇಗ ಏರದಂತೆ ತಡೆಯಲು ಒಂದೂವರೆ ಕೋಟಿ ಜೂಲ್‌ಗೂ ಹೆಚ್ಚು ಶಕ್ತಿಯನ್ನು ಎಲ್ಲಿಗಾದರೂ ಸಾಗಿಸಬೇಕು. ಐವತ್ತು ಲೀಟರ್‌ಗಿಂತ ಹೆಚ್ಚು ನೀರು ಕುದಿಸುವಷ್ಟು ಶಾಖ ಅದು. ಗೇರಿನಲ್ಲಿದ್ದರೆ ಅದರ ಒಂದು ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಬಹುತೇಕ ಎಲ್ಲವೂ ಬ್ರೇಕ್ ಡ್ರಮ್ಮಿನ ಪಾಲು. ಡ್ರಮ್ ಕಾದು ಹಿಗ್ಗಿ, ಅದನ್ನು ಉಜ್ಜಿ ಹಿಡಿಯುವ ಲೈನಿಂಗ್‌ನಿಂದ ದೂರ ಸರಿಯುತ್ತದೆ, ಲೈನಿಂಗ್‌ನ ಹಿಡಿತವೂ ಬಿಸಿಗೆ ಕುಗ್ಗುತ್ತದೆ. ಆಗ ಪೆಡಲನ್ನು ಎಷ್ಟು ತುಳಿದರೂ ಗಾಡಿ ಮಾತು ಕೇಳುವುದಿಲ್ಲ. ಸುಟ್ಟ ಲೈನಿಂಗ್‌ನ ವಾಸನೆಯನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಡೀಸೆಲ್ ಉಳಿತಾಯದ ಮಾತು ಇಂದಿನ ಎಂಜಿನ್‌ಗಳಲ್ಲಿ ತಿರುಗುಮುರುಗಾಗಿದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಚಕ್ರಗಳೇ ಎಂಜಿನನ್ನು ತಿರುಗಿಸುವುದರಿಂದ, ಎಲೆಕ್ಟ್ರಾನಿಕ್ ವ್ಯವಸ್ಥೆ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ಆರದಿರಲೆಂದು ಮತ್ತೆ ಡೀಸೆಲ್ ಸುರಿಯಲು ತೊಡಗುತ್ತದೆ. ಏರುವಾಗ ಯಾವ ಗೇರ್ ಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಮಾತು ಒಳ್ಳೆಯದು. ಡೀಸೆಲ್ ಎಂಜಿನ್ನಿನಲ್ಲಿ ಒಳಬರುವ ಗಾಳಿಯನ್ನು ತಡೆಯುವ ಥ್ರಾಟಲ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅದರ ಹಿಡಿತ ಪೆಟ್ರೋಲ್ ಎಂಜಿನ್ನಿಗಿಂತ ಕಡಿಮೆ. ಹೊಗೆಯ ದಾರಿಯನ್ನು ಮುಚ್ಚಿ ಹಿಡಿತ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕನ್ನು ಲಾರಿಗಳಿಗೆ ಕೊಟ್ಟಿರುವುದು ಅದಕ್ಕಾಗಿಯೇ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ ಹಾಕಿಕೊಳ್ಳಿ. ಎಂಜಿನ್ನನ್ನೇ ಆರಿಸಿ ಇಳಿಯುವವರನ್ನೂ ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಬ್ರೇಕಿನ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಎಂಜಿನ್ನಿನಿಂದ ನಡೆಯುವ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಇದನ್ನು ಯಾರೂ ಎಂದಿಗೂ ಮಾಡಬಾರದು.

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ಕಾರಿನಲ್ಲಿ ಇಳಿಯುವವರಿಗೂ ಇದೇ ಉತ್ತರ ಅನ್ವಯಿಸುತ್ತದೆ, ಒಂದು ವಿಷಯ ಮಾತ್ರ ಹೆಚ್ಚಿಗೆ. ಕಾರಿನ ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ. ಅದು ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಕಾದ ಬ್ರೇಕಿನ ಬಳಿ ಅದು ಕುದಿದು ಗುಳ್ಳೆಯಾದರೆ, ದ್ರವದಂತೆ ಗುಳ್ಳೆ ಒತ್ತಡವನ್ನು ದಾಟಿಸದೆ ತಾನೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ. ಎಷ್ಟು ಸ್ವಚ್ಛವಾಗಿ ಕಂಡರೂ ಬದಲಿಸಿ.

ಪ್ರಶ್ನೆ: ಎ.ಸಿ. ಹಾಕಿದಾಗಲೇ ಕಾರಿನ ಎಂಜಿನ್ ಹೆಚ್ಚು ಕಾಯುವುದು ಏಕೆ?
– ಓದುಗರು, ಹೊಳಲ್ಕೆರೆ

ಉತ್ತರ: ಕಾರಿನೊಳಗಿನ ಶಾಖವನ್ನು ಹೊರಚೆಲ್ಲುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇರುತ್ತದೆ. ಅದನ್ನು ದಾಟಿ ಆಗಲೇ ಬಿಸಿಯಾದ ಗಾಳಿ ರೇಡಿಯೇಟರಿಗೆ ಸಿಗುತ್ತದೆ, ಕಂಪ್ರೆಸರ್ ತಿರುಗಿಸುವ ಹೊರೆಯೂ ಎಂಜಿನ್ನಿನದೇ. ವ್ಯವಸ್ಥೆ ಸರಿಯಿದ್ದರೆ ಇದನ್ನು ತಾಳಿಕೊಳ್ಳುತ್ತದೆ. ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರಿದರೆ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ಎಂದು ಮೊದಲು ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಟೈರ್ ಒಡೆಯದಿರಲಿ ಎಂದು ಹೆದ್ದಾರಿ 48ಕ್ಕೆ ಇಳಿಯುವ ಮುಂಚೆ ನಾಲ್ಕೈದು ಪಾಯಿಂಟ್ ಗಾಳಿ ಕಡಿಮೆ ಮಾಡಿಸುತ್ತೇನೆ. ಇದು ಒಳ್ಳೆಯದೇ?
– ಓದುಗರು, ದಾವಣಗೆರೆ

ಉತ್ತರ: ಒಳ್ಳೆಯದಲ್ಲ, ಟೈರ್ ಒಡೆಯಲು ಇದೇ ಕಾರಣವಾಗಬಹುದು. 25 ಡಿಗ್ರಿಯಲ್ಲಿ 30 ಪಾಯಿಂಟ್ ತುಂಬಿದ ಟೈರಿನ ಗಾಳಿ 65 ಡಿಗ್ರಿಗೆ ಕಾದರೆ ಒತ್ತಡ ಸುಮಾರು 36ಕ್ಕೆ ಏರುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಟೈರ್ ತಯಾರಿಸಿರುತ್ತಾರೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿದಾಗ ಬಗ್ಗಿದ ಜಾಗ ಬಿಸಿಯಾಗುವಂತೆ ಅಲ್ಲಿನ ರಬ್ಬರೂ ಒಳಗಿನ ದಾರಗಳೂ ಕಾಯುತ್ತವೆ, ಕೊನೆಗೆ ಬಿಟ್ಟುಕೊಳ್ಳುತ್ತವೆ. ನೂರರ ವೇಗದಲ್ಲಿ, ಕಾದ ಡಾಂಬರಿನ ಮೇಲೆ ಇದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಚಾಲಕನ ಬಾಗಿಲಿನ ಬದಿಯಲ್ಲಿ ಅಂಟಿಸಿರುವ ಚೀಟಿಯ ಒತ್ತಡವನ್ನೇ ಇರಿಸಿಕೊಳ್ಳಿ. ಮನೆಮಂದಿಯೆಲ್ಲ ಕುಳಿತು ಸಾಮಾನೂ ತುಂಬಿದ್ದರೆ ಅದೇ ಚೀಟಿಯಲ್ಲಿ ಇನ್ನೊಂದು ಹೆಚ್ಚಿನ ಅಂಕಿ ಇರುತ್ತದೆ. ಅಳೆಯುವುದು ಬೆಳಿಗ್ಗೆ, ಗಾಡಿ ಓಡುವ ಮುಂಚೆ. ದಾರಿಯಲ್ಲಿ ಅಳೆದು ಹೆಚ್ಚಿದೆಯೆಂದು ಬಿಡಿಸಬೇಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಗಾಳಿಯನ್ನೂ ಅಂದೇ ನೋಡಿಸಿ.